ಮೇಡಂ ನಂಬದ ವಯಸ್ಸುಗಳು

ನಿರ್ಮಲಾ ಮೇಡಂ ಎದುರಿಗೆ ವಯಸ್ಸು ಹೇಳಿ ದಕ್ಕಿಸಿಕೊಂಡವರನ್ನು ನಾನು ಕಾಣೆ. ವಸಂತ್ ಕುಂಜ್‌ನ ತರಕಾರಿ ಭಯ್ಯಾ ಒಮ್ಮೆ ಮಾತಿಗೆ ಐವತ್ತಾಯಿತು ಅಂದದ್ದೇ ತಪ್ಪಾಯಿತು. ಮದುವೆ ಯಾವಾಗ, ದೊಡ್ಡ ಮಗನಿಗೆಷ್ಟು ಎಂದು ಜಗ್ಗಿ ಜಗ್ಗಿ ಅವನನ್ನು ನಲವತ್ತಾರಕ್ಕೆ ಇಳಿಸಿದ ಮೇಲೆಯೇ ಅವರು ಬೆಂಡೆಕಾಯಿ ಆರಿಸಿದ್ದು.

ಜನಗಣತಿಯಲ್ಲಿ ಬರೆದ ವಯಸ್ಸು, ಗಂಡು ಹೆಣ್ಣಿನ ಲೆಕ್ಕ ಎಷ್ಟು ನಿಜ ಎಂದು ಒರೆಗೆ ಹಚ್ಚುವುದು ಅವರ ಕೆಲಸ. ನಾನು ಅವರ ಕೈಕೆಳಗಿನ ಸಂಶೋಧನಾ ವಿದ್ಯಾರ್ಥಿನಿ. "ನಮ್ಮಲ್ಲಿ ಮೂವತ್ತೊಂಬತ್ತು ವರ್ಷದವರೇ ಸಿಗಲ್ಲ ಕಣಮ್ಮ, ಎಲ್ಲರೂ ನಲವತ್ತಕ್ಕೆ ಹಾರಿಬಿಡ್ತಾರೆ. ಕೊನೇಲಿ ಸೊನ್ನೆಯೋ ಐದೋ ಕಂಡ್ರೆ ನಿಂತು ಇನ್ನೊಂದು ಪ್ರಶ್ನೆ ಕೇಳು," ಅನ್ನುತ್ತಿದ್ದರು. ಕೇಳಿ ಕೇಳಿ ನನಗೆ ಸಾಕಾಗಿತ್ತು.

ಒಮ್ಮೆ ಸಮೀಕ್ಷೆಗೆಂದು ಘಾಜಿಯಾಬಾದ್‌ನ ಗಲ್ಲಿಗಳಲ್ಲಿ ಅಲೆದೆವು. ಸುಡುಬಿಸಿಲು. ಕೊನೆಯ ಮನೆಯಾತ, "ದೋ ಬಚ್ಚೇ ಹೈಂ," ಎಂದ. ಮಕ್ಕಳು ಎರಡು ಎಂದು ಬರೆದು ನಾನು ಎದ್ದೇಬಿಟ್ಟೆ. ಮೇಡಂ ಏಳಲಿಲ್ಲ.

"ಔರ್ ಬೇಟಿಯಾಂ?" ಹೆಣ್ಣುಮಕ್ಕಳೆಷ್ಟು ಎಂದು ಕೇಳಿದರು.

"ಬೇಟಿಯಾಂ ತೋ ತೀನ್ ಹೈಂ," ಎಂದ ಆತ, ಮೂವರಿದ್ದಾರೆ, ಅದನ್ನೆಲ್ಲ ಯಾಕೆ ಕೇಳುತ್ತೀರಿ ಎಂಬಂತೆ. ಸಣ್ಣವಳಿಗೆಷ್ಟು ವರ್ಷ ಎಂದರೆ ಅವನಿಗೇ ಗೊತ್ತಿಲ್ಲ. "ಪಾಂಚ್ ಲಿಖ್ ದೋ," ಐದು ಅಂತ ಬರೆದುಕೊಳ್ಳಿ ಅಂದ. ಮೇಡಂ ಅವಳ ತಾಯಿಯನ್ನು ಕರೆಸಿ ಮತ್ತೆ ಮೊದಲಿನಿಂದ ಶುರು ಮಾಡಿದರು.

ಮೆಟ್ರೋದಲ್ಲಿ ವಾಪಸಾಗುವಾಗ ಅವರೇ ಮಾತು ತೆಗೆದರು. "ನಾನೂ ಅಂಥವಳೇ. ನಾಲ್ಕನೇ ಹೆಣ್ಣು. ಅಣ್ಣಂದಿರಿಗೆ ಜಾತಕ ಬರೆಸಿದ್ರು, ನನಗಿಲ್ಲ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರೇ ಜೂನ್ ಒಂದು ಅಂತ ಹಾಕ್ಕೊಂಡ್ರು. ಅಮ್ಮನನ್ನ ಎಷ್ಟು ಕೇಳಿದ್ರೂ, ನೀನು ಹುಟ್ಟಿದಾಗ ಎಮ್ಮೆ ಈದಿತ್ತು ಅಂತಿದ್ರು, ಅಷ್ಟೇ. ಊರವರ ವಯಸ್ಸೆಲ್ಲ ತಿದ್ದಿದೆ ಕಣಮ್ಮ, ನನ್ನದೊಂದು ಸಿಗಲಿಲ್ಲ." ಹೇಳಿ ಕಣ್ಣು ಮುಚ್ಚಿಕೊಂಡರು. ಬಹಳ ದಣಿದಿದ್ದರು. ನನಗೆ ಸಂಕಟವಾಯಿತು.

ಹೋದ ಚಳಿಗಾಲದ ಹೊಗೆಮಂಜಿನಲ್ಲಿ ಅವರ ಉಸಿರಾಟ ಕೆಟ್ಟಿತು. ಆಸ್ಪತ್ರೆಯಿಂದ ಮನೆಗೆ ಮರಳಲಿಲ್ಲ. ಸ್ಮಶಾನದ ಕಚೇರಿಯಲ್ಲಿ ಗುಮಾಸ್ತ ಹೆಸರು ಬರೆದುಕೊಂಡು, "ಉಮರ್?" ಎಂದು ವಯಸ್ಸು ಕೇಳಿದ. ಆಧಾರ್ ಕಾರ್ಡಿನಲ್ಲಿದ್ದ ಆ ಜೂನ್ ಒಂದನ್ನು ತೋರಿಸಲು ನನಗೆ ಮನಸ್ಸಾಗಲಿಲ್ಲ.

"ಠೀಕ್ ಸೇ ಪತಾ ನಹೀಂ, ಭಯ್ಯಾ," ಸರಿಯಾಗಿ ಗೊತ್ತಿಲ್ಲ ಎಂದೆ.

ಹಿಂದೆ ಬೇರೆಯವರು ಕಾಯುತ್ತಿದ್ದರು. ಅವನು ತಲೆಯೆತ್ತದೆ, "ಸಾಠ್ ಲಿಖ್ ದೂಂ?" ಎಂದ. ಅರವತ್ತು.

ಇನ್ನೊಂದು ಪ್ರಶ್ನೆ ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ನಾನು ಹೂಂ ಎಂದೆ.