ಬಾವಿಕಟ್ಟೆಯ ಹಾಡಿಗೆ ಎದ್ದವರು

ಆ ಸಿನಿಮಾವನ್ನು ನಾನು ನಾಲ್ಕು ಸಲ ನೋಡಿದ್ದೆ. ಅದರ ಕೊನೆಯನ್ನು ಒಂದು ಸಲವೂ ನೋಡಿರಲಿಲ್ಲ. ಅದಕ್ಕೆ ಕಾರಣ ತಾರಿ.

ಶಿರಾಲಿಯಿಂದ ನಾನು ಮದುವೆಯಾಗಿ ಹೋದದ್ದು ತದಡಿಗೆ, ಮೀನು ಹಿಡಿಯುವವರ ಮನೆಗೆ. ಅಲ್ಲಿಂದ ಕುಮಟೆಯ ಟಾಕೀಸಿಗೆ ಹೋಗಬೇಕೆಂದರೆ ದೋಣಿಯಲ್ಲಿ ಅಘನಾಶಿನಿ ಹೊಳೆ ದಾಟಿ ಆಚೆ ದಡದಲ್ಲಿ ಬಸ್ಸು ಹಿಡಿಯಬೇಕಿತ್ತು. ಹಾಗೆ ಹೊಳೆ ದಾಟಿಸುವ ದೋಣಿಗೇ ನಾವು ತಾರಿ ಅನ್ನುವುದು. ಮಧ್ಯಾಹ್ನದ ಆಟ ಬಿಡುವುದು ಸಂಜೆ ಆರಕ್ಕೆ. ಕೊನೆಯ ತಾರಿ ಹೊರಡುವುದೂ ಆರಕ್ಕೇ. ತಾರಿಯವನಿಗೆ ಸಿನಿಮಾದ ಕತೆ ಕಟ್ಟಿಕೊಂಡು ಏನಾಗಬೇಕು?

ನಮ್ಮಲ್ಲಿ ಯಾರ ಕೈಯಲ್ಲೂ ಗಡಿಯಾರ ಇರಲಿಲ್ಲ. ಅದಕ್ಕೆ ನಮ್ಮ ದಡದ ಹೆಂಗಸರು ಒಂದು ಪದ್ಧತಿ ಮಾಡಿಕೊಂಡಿದ್ದೆವು. ಹೊಸ ಸಿನಿಮಾ ಬಂದಾಗ ಮೊದಲು ನೋಡಿ ಬಂದವರು ಉಳಿದವರಿಗೆ ಗುರುತು ಹೇಳಬೇಕು. ಇಂಥ ಹಾಡು ಬಂದರೆ ಏಳಿ, ಇಂಥ ಹೊಡೆದಾಟ ಶುರುವಾದರೆ ಹೊರಡಿ, ಹೀಗೆ. ಈ ಸಿನಿಮಾದ ಗುರುತು ಒಂದು ಹಾಡು. ಮನೆ ಬಿಟ್ಟು ಹೋದ ಗಂಡನನ್ನು ನೆನೆದು ನಾಯಕಿ ಬಾವಿಕಟ್ಟೆಯ ಮೇಲೆ ಕೂತು ಹಾಡಲು ಬಾಯಿ ತೆರೆಯುತ್ತಾಳೆ. ಅಷ್ಟೇ, ನಮ್ಮ ಸಾಲಿಗೆ ಸಾಲೇ ಎದ್ದು, ಕತ್ತಲಲ್ಲಿ ಚಪ್ಪಲಿ ತಡಕಿ, ಹಿಂದಿನವರಿಂದ ಬೈಸಿಕೊಂಡು ಹೊರಗೆ. ಆ ಹಾಡಿನ ಎರಡನೆಯ ಚರಣವನ್ನು ನಾನು ಕೇಳಿದ್ದು ರೇಡಿಯೋದಲ್ಲಿ.

ಆ ವರ್ಷ ನನ್ನ ಮನೆಯವರು ತಮ್ಮ ಅಪ್ಪನ ಸಂಗಡ ಜಗಳ ಮಾಡಿಕೊಂಡು ಮಲ್ಪೆಯ ಬೋಟಿಗೆ ಹೋಗಿಬಿಟ್ಟಿದ್ದರು. ಕಾಗದವಿಲ್ಲ, ಸುದ್ದಿಯಿಲ್ಲ. ನನಗೆ ಹತ್ತೊಂಬತ್ತು. ಒಂದು ಕಡೆ ಕೂರಲಾಗುತ್ತಿರಲಿಲ್ಲ, ನಿಲ್ಲಲಾಗುತ್ತಿರಲಿಲ್ಲ. ಅಂಗಳಕ್ಕೆ ಹೋಗುವುದು, ಬಾಗಿಲಿಗೆ ಬರುವುದು. ಶಿರಾಲಿಗೆ, ತವರಿಗೆ, ಹೋಗಿಬಿಡೋಣವೆಂದು ಸೀರೆಗಳನ್ನು ಗಂಟು ಕಟ್ಟಿ ಮಂಚದ ಕೆಳಗೆ ಇಟ್ಟಿದ್ದೆ. ಹೋಗಲಿಲ್ಲ, ಬಿಚ್ಚಲೂ ಇಲ್ಲ.

ನನ್ನ ಓರಗಿತ್ತಿಯನ್ನು, ಎಂದರೆ ಭಾವನ ಹೆಂಡತಿಯನ್ನು, ನಾನು ಅಕ್ಕ ಅನ್ನುತ್ತೇನೆ. ಅವಳ ತವರು ಕುಮಟೆ. ಅದೇ ಹೊತ್ತಿಗೆ ಅವಳು ತವರಿಗೆ ಹೊರಟಳು. ಅಲ್ಲೇ ಉಳಿಯುವವಳಿಗೆ ತಾರಿಯ ಹೆದರಿಕೆ ಎಲ್ಲಿಯದು? ಸಿನಿಮಾ ಪೂರ್ತಿ ನೋಡಿಕೊಂಡು ಬಾ ಎಂದು ಬೇಡಿಕೊಂಡೆ. ಆ ಗಂಡ ತಿರುಗಿ ಬರುತ್ತಾನೋ ಇಲ್ಲವೋ, ನನಗೆ ಅಷ್ಟೇ ಬೇಕಿತ್ತು.

ಮೂರು ದಿನ ಕಾದೆ. ಅಕ್ಕ ಬಂದವಳು ಕೈಕಾಲು ತೊಳೆದು, ಒಣಮೀನು ಮಗುಚಿ ಹಾಕುತ್ತ ಹೇಳಿದಳು. ಗಂಡ ಮಳೆಯಲ್ಲಿ ನೆನೆಯುತ್ತ ಬರುತ್ತಾನಂತೆ. ಬಾಗಿಲು ಬಡಿಯುತ್ತಾನಂತೆ. ಅವಳು ಕಿಟಕಿಯಲ್ಲಿ ನೋಡಿ, ಮಳೆ ನಿಲ್ಲುವವರೆಗೂ ಅವನನ್ನು ಹೊರಗೇ ನಿಲ್ಲಿಸುತ್ತಾಳಂತೆ. ಆಮೇಲೆ ಬಾಗಿಲು ತೆಗೆದು ಒಂದೇ ಮಾತು, "ಕಾಲು ತೊಳ್ಕೊಂಡು ಬನ್ನಿ." ಅಲ್ಲಿಗೆ ಮುಗಿಯಿತಂತೆ.

ಆ ದಿನವೇ ಗಂಟು ಬಿಚ್ಚಿದೆ. ಎರಡು ತಿಂಗಳ ಮೇಲೆ ನನ್ನ ಮನೆಯವರೂ ಬಂದರು. ಮಳೆ ಇರಲಿಲ್ಲ, ಬಿಸಿಲಿತ್ತು. ಬಿಸಿಲಲ್ಲೇ ಒಂದಿಷ್ಟು ಹೊತ್ತು ನಿಲ್ಲಿಸಿ, ಕಾಲು ತೊಳ್ಕೊಂಡು ಬನ್ನಿ ಎಂದೆ. ಆಮೇಲೆ ನಲವತ್ತು ವರ್ಷ ಸಂಸಾರ ಮಾಡಿದೆವು. ಆ ಕೊನೆಯನ್ನು ಮಕ್ಕಳಿಗೆ ಹೇಳಿದೆ, ಮೊಮ್ಮಕ್ಕಳಿಗೂ ಹೇಳಿದೆ.

ಈಗ ನಾನು ಶಿರಾಲಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದವಳು ಅವಳೇ. ಕಲಿಸಿದ್ದಕ್ಕೆ ಈಗ ಪಶ್ಚಾತ್ತಾಪ ಪಡುತ್ತಿದ್ದಾಳೆ. ಶಾಲೆಯಲ್ಲಿ ಪಾಠ ಮಾಡುವಾಗಲೂ ನನ್ನ ಮೆಸೇಜು ಹೋಗಿ ಬೀಳುತ್ತದೆ. ಒಂದು ದಿನ ಮನೆಯವರ ಗ್ರೂಪಿನಲ್ಲಿ ಒಂದು ಪೋಸ್ಟರು ಬಂತು. ಬಾವಿಕಟ್ಟೆ, ಅದರ ಮೇಲೆ ಆ ನಾಯಕಿ. ಹಳೆಯ ರೀಲನ್ನು ತೊಳೆದು ತಿದ್ದಿ ಮತ್ತೆ ಟಾಕೀಸುಗಳಿಗೆ ಬಿಟ್ಟಿದ್ದಾರಂತೆ. ಕುಮಟೆಯಲ್ಲಿ ಮೂರೇ ದಿನ, ದಿನಕ್ಕೊಂದೇ ಆಟ.

ಅಕ್ಕನಿಗೆ ಫೋನು ಮಾಡಿದೆ. ಅವಳು ಈಗಲೂ ತದಡಿಯಲ್ಲೇ, ಮಗನ ಜೊತೆ.

"ಅಕ್ಕ, ಬಾವಿಕಟ್ಟೆ ಸಿನಿಮಾ ತಿರುಗಿ ಬಂತಡ ಕುಮಟೆಗೆ."

"ಬರ್ಲಿ. ಅದ್ನ ಎಂತ ನೋಡೂದು ಮತ್ತೆ? ಕತೆ ಗೊತ್ತಿದ್ದದ್ದೇ."

"ನಿಂಗೆ ಗೊತ್ತು. ನಂಗೆ ನೀ ಹೇಳಿದ್ದಷ್ಟೇ ಗೊತ್ತು."

"ನಾ ಹೇಳಿದ್ದು ಸಾಕಾಗ್ಲಿಲ್ಲ ಅಲ್ದಾ ನಿಂಗೆ?"

ಮೊದಲನೆಯ ದಿನ ಅವಳಿಗೆ ಮಂಡಿನೋವು. ಎರಡನೆಯ ದಿನ ತೆಂಗಿನಕಾಯಿ ಕೊಯ್ಯುವವರು ಬರುತ್ತಾರೆಂದಳು. ನನಗೋ ಮನೆಯೊಳಗೆ ಕಾಲು ನಿಲ್ಲುತ್ತಿಲ್ಲ. ಹಾಲು ಉಕ್ಕಿಸಿದೆ, ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಗಳು ಊಟಕ್ಕೆ ಕೂತು, "ಅಮ್ಮ, ನೀನು ಒಂದ್ಸಲ ಹೋಗಿ ನೋಡ್ಕಂಡು ಬಂದ್ಬಿಡು. ನಮಗೆ ಉಣ್ಣೂಕಾದ್ರೂ ಆಗ್ತದೆ" ಎಂದಳು. ಸಂಜೆ ಕೂತು, ಕಾಲು ಗಂಟೆ ಹಿಡಿದು, ಅಕ್ಕನಿಗೆ ಒತ್ತಿದೆ: ನಾಳೆ ಕಡೇ ದಿನ. ನೀ ಬರದಿದ್ರೆ ನಾ ಒಬ್ಳೇ ನೋಡ್ತೆ. ಕೊನೆ ಬೇರೆ ಇದ್ರೆ ಊರಿಗೆಲ್ಲ ಹೇಳ್ತೆ.

ತಮಾಷೆಗೆ ಬರೆದದ್ದು. ಅವಳು ಒತ್ತಲು ಕಲಿತಿಲ್ಲ, ದನಿ ಕಳಿಸಿದಳು. "ಬರ್ತೆ ಮಾರಾಯ್ತಿ. ಬಾಯಿ ಮುಚ್ಚು."

ಮರುದಿನ ಶಿರಾಲಿಯಲ್ಲಿ ಬಸ್ಸು ಹತ್ತಿದೆ. ಮಾವಿನಕಟ್ಟೆ ಬರುವ ಮೊದಲೇ ಎರಡು ಸಲ ಎದ್ದು ಕೂತೆ. ಹೊನ್ನಾವರ ಸ್ಟ್ಯಾಂಡಿನಲ್ಲಿ ಡ್ರೈವರು ಚಾ ಕುಡಿಯಲು ಇಳಿದವನು ಬರಲೇ ಇಲ್ಲ. ನಾನು ಬಾಗಿಲಿಗೆ ಹೋಗಿ ಇಣುಕುವುದು, ತಿರುಗಿ ಬರುವುದು. ಕಂಡಕ್ಟರು ಕೇಳಿದ, "ಎಂತ ಅಜ್ಜಿ ಇಷ್ಟು ಗಡಿಬಿಡಿ? ಆಸ್ಪತ್ರೆಗಾ?"

"ಆಸ್ಪತ್ರೆಗಾದ್ರೆ ಇಷ್ಟು ಗಡಿಬಿಡಿ ಮಾಡ್ತಿದ್ನಾ?"

ಅಕ್ಕ ಟಾಕೀಸಿನ ಬಾಗಿಲಲ್ಲಿ ನಿಂತಿದ್ದಳು. ಮಗ ಕಾರಿನಲ್ಲಿ ತಂದು ಬಿಟ್ಟಿದ್ದ. ನಾನು ತಂದ ಮಲ್ಲಿಗೆಯನ್ನು ಮುಡಿಸಿದೆ. ಅವಳ ಮುಖ ಮಾತ್ರ ಸಪ್ಪಗಿತ್ತು. ಒಳಗೆ ಮೊದಲಿನ ಬೆಂಚುಗಳಿಲ್ಲ, ಮೆತ್ತನೆಯ ಕುರ್ಚಿಗಳು. ಜನ ಅಷ್ಟೇನೂ ಇಲ್ಲ. ಇದ್ದವರಲ್ಲಿ ಬಿಳಿ ತಲೆಗಳೇ ಹೆಚ್ಚು.

ಸಿನಿಮಾ ಶುರುವಾಯಿತು. ನಾಯಕಿಯ ಸೀರೆಯ ಬಣ್ಣ ಅಷ್ಟು ಚೆನ್ನಾಗಿತ್ತೆಂದು ನನಗೆ ಗೊತ್ತಿರಲಿಲ್ಲ. ಆದರೆ ಅಕ್ಕ ಕೂರಗೊಡಲಿಲ್ಲ.

"ಗಂಟೆ ಎಷ್ಟಾತು?"

"ಎಷ್ಟಾದ್ರೆ ಎಂತ? ನಿನ್ನ ಮಗನ ಕಾರು ಹೊರಗೆ ನಿಂತದೆ."

ಸ್ವಲ್ಪ ಹೊತ್ತಿಗೆ ಮತ್ತೆ, "ಎಷ್ಟಾತು?" ಅವಳನ್ನು ಬೈಯುತ್ತಿದ್ದ ನನ್ನ ಕಾಲುಗಳೂ ಅಷ್ಟರಲ್ಲಿ ಚಪ್ಪಲಿ ಹುಡುಕಿ ತೊಟ್ಟುಕೊಂಡಿದ್ದವು.

ಬಾವಿಕಟ್ಟೆ ಬಂತು. ಅವಳು ಕೂತಳು. ಹಾಡಲು ಬಾಯಿ ತೆರೆದಳು.

ನಾನು ಎದ್ದು ನಿಂತಿದ್ದೆ. ಏಳಬೇಕೆಂದು ಎದ್ದದ್ದಲ್ಲ. ಅಕ್ಕ ಆಗಲೇ ಎರಡು ಕುರ್ಚಿ ದಾಟಿದ್ದಳು. ಮುಂದಿನ ಸಾಲಿನಲ್ಲಿ ಇನ್ನೂ ಇಬ್ಬರು ಮುದುಕಿಯರು ಚೀಲ ಹಿಡಿದು ನಿಂತಿದ್ದರು.

"ಅಜ್ಜೀರೇ, ಕೂತ್ಕಳಿ ಮಾರಾಯ್ರೆ, ಪರದೆ ಕಾಣೂದಿಲ್ಲ" ಎಂದು ಹಿಂದಿನಿಂದ ಯಾರೋ ಹೇಳಿದರು.

ಮುಂದಿನವಳು ತಿರುಗಿದಳು. ನಾನು ಕೇಳಿದೆ, "ನಿಮ್ಮದೂ ತಾರಿಯಾ?"

"ಹೌದೇ, ತದಡಿ ಬದಿಯೋರೇ" ಎಂದವಳು ನಗಲು ಶುರು ಮಾಡಿದಳು. ಬಾಯಿಗೆ ಸೆರಗು ಒತ್ತಿಕೊಂಡು ಮೂವರೂ ಕೂತೆವು. ಅಕ್ಕ ಮಾತ್ರ ಬಾಗಿಲ ಕಡೆಗೇ ನಡೆದಿದ್ದಳು. ಓಡಿ ಹೋಗಿ ಸೆರಗು ಹಿಡಿದು ಎಳೆದು ತಂದು ಕೂರಿಸಿದೆ. ಅವಳು ನಗುತ್ತಿರಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿದಳು.

"ತಂಗಿ, ಆ ದಿನವೂ ಹೀಂಗೇ ಆತು."

"ಯಾವ ದಿನ?"

"ತವರಿಗೆ ಬಂದಾಗ. ಹಾಡು ಶುರುವಾತು, ಎದ್ದೆ. ಬಸ್ ಸ್ಟ್ಯಾಂಡಿಗೆ ಮುಟ್ಟಿದ ಮೇಲೆ ನೆನಪಾತು, ನಂಗೆ ಇವತ್ತು ತಾರಿ ಇಲ್ಲ ಹೇಳಿ. ತಿರುಗಿ ಓಡಿ ಬಂದೆ. ಗೇಟಿನವ ಒಳಗೆ ಬಿಡ್ಲಿಲ್ಲ."

"ಮತ್ತೆ ನೀ ನಂಗೆ ಹೇಳಿದ್ದು?"

"ಮತ್ತೆಂತ ಹೇಳೂದಿತ್ತು? ಮಂಚದ ಕೆಳಗೆ ಗಂಟು ಕಂಡಿದ್ದೆ ನಾನು."

ಪರದೆಯ ಮೇಲೆ ಎರಡನೆಯ ಚರಣ ನಡೆಯುತ್ತಿತ್ತು. ಐವತ್ತು ವರ್ಷ ಕಾದು ನೋಡಲು ಬಂದದ್ದನ್ನು ನಾನು ಸ್ವಲ್ಪ ಹೊತ್ತು ನೋಡಲೇ ಇಲ್ಲ, ಅಕ್ಕನನ್ನೇ ನೋಡಿದೆ. ಮೊಣಕೈಯಿಂದ ತಿವಿದಳು. "ನನ್ನ ಮೋರೆ ಎಂತ ನೋಡ್ತಿ? ಅಲ್ಲಿ ನೋಡು. ನಂಗೂ ಗೊತ್ತಿಲ್ಲ, ಹೇಳೂಕೆ ಯಾರೂ ಇಲ್ಲ."

ನೋಡಿದೆವು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು. ಗಂಡ ಬಂದ. ಮಳೆಯೂ ಇತ್ತು, ಅಕ್ಕ ಅಷ್ಟನ್ನು ಸರಿಯಾಗಿಯೇ ಊಹಿಸಿದ್ದಳು. ಆದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯವಳು ಬಂದು ಬೀಗದ ಕೈ ಕೊಟ್ಟಳು, ಮಾತಾಡಲಿಲ್ಲ. ನಾಯಕಿ ಹೋಗಿಬಿಟ್ಟಿದ್ದಳು. ಎಲ್ಲಿಗೆ ಎಂದು ಸಿನಿಮಾದವರೂ ಹೇಳಲಿಲ್ಲ. ಅವನು ಬೀಗ ತೆಗೆಯದೆ ಬಾವಿಕಟ್ಟೆಯ ಮೇಲೆ ಕೂತ. ದೀಪ ಹತ್ತಿತು, ಜನ ಏಳತೊಡಗಿದರು. ಈಗ ಏಳಬೇಕಾದಾಗ ನಮ್ಮಿಬ್ಬರಿಗೂ ಏಳಲಾಗಲಿಲ್ಲ.

"ನಾ ಹೇಳಿದ್ದೇ ಚಲೋ ಇತ್ತು" ಎಂದಳು ಅಕ್ಕ.

"ಇದೂ ಚಲೋ ಅದೆ."

"ಆಗ ಇದ್ನ ಕಂಡಿದ್ರೆ?"

"ಗಂಟು ಹೊತ್ಕಂಡು ಶಿರಾಲಿ ಬಸ್ಸು ಹತ್ತಿದ್ದೆ."

ಅವಳು ತಲೆಯಾಡಿಸಿದಳು. ಕಾರಿನವರೆಗೆ ಇಬ್ಬರೂ ಬಿರಬಿರನೆ ನಡೆದೆವು. ಯಾಕೆ ಅಷ್ಟು ಅವಸರವೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕೂರಲು ಮಾತ್ರ ಆಗಲಿಲ್ಲ. ಅಕ್ಕ ನನ್ನನ್ನು ಮೋಸ ಮಾಡಿ ಉಳಿಸಿದಳೋ, ಮೋಸ ಮಾಡಿ ಕಟ್ಟಿಹಾಕಿದಳೋ? ನಲವತ್ತು ವರ್ಷದಲ್ಲಿ ಎರಡೂ ಇತ್ತು. ಗ್ರೂಪಿನಲ್ಲಿ ಮೊಮ್ಮಕ್ಕಳು ಕೇಳುತ್ತಿದ್ದರು, ಅಜ್ಜಿ ಕೊನೆ ನೀ ಹೇಳಿದ ಹಾಂಗೇ ಇತ್ತಾ, ಗಂಡ ಬಂದ್ನಾ?

ಒತ್ತಿದೆ, ಅಳಿಸಿದೆ. ಮತ್ತೆ ಒತ್ತಿದೆ, ಅಳಿಸಿದೆ. ಹೊನ್ನಾವರದ ಸೇತುವೆ ಮೇಲೆ ಬಸ್ಸು ಹೋಗುವಾಗ ಕೆಳಗೆ ಶರಾವತಿಯಲ್ಲಿ ಒಂದು ದೋಣಿ ಆಚೆ ದಡಕ್ಕೆ ಹೋಗುತ್ತಿತ್ತು. ಅದು ಮುಟ್ಟುವುದನ್ನು ನೋಡುವಷ್ಟರಲ್ಲಿ ಸೇತುವೆ ಮುಗಿಯಿತು.

ಕೊನೆಗೆ ಬರೆದು ಕಳಿಸಿದೆ: ಬಂದರು. ಬಿಸಿಲಲ್ಲಿ ನಿಂತರು. ಕಾಲು ತೊಳೆದುಕೊಂಡು ಒಳಗೆ ಬಂದರು.

ಎಲ್ಲರೂ ಹೆಬ್ಬೆರಳು ಎತ್ತಿದರು. ಮಳೆ ಹೋಗಿ ಬಿಸಿಲು ಯಾವಾಗ ಬಂತೆಂದು ಒಬ್ಬರೂ ಕೇಳಲಿಲ್ಲ.