ಕೆಂಚನ ಮೂಗಿಗೆ ಚಿಪ್ಪಿನೆಣ್ಣೆ

ಅರಳಗುಪ್ಪೆಯ ಒಂದು ತೆಂಗಿನ ತೋಟಕ್ಕೆ ಕಾಯಿ ಸುಲಿಯೋಕೆ ಹೋಗಿದ್ದೆ. ಅಲ್ಲಿ ಕೊಬ್ಬರಿ ಅಟ್ಟ ಕಾಯುತ್ತಿದ್ದ ಕೆಂಚ ಅನ್ನೋ ನಾಯಿಯ ಮೂಗೆಲ್ಲ ಹುಣ್ಣಾಗಿ ಸಿಪ್ಪೆ ಏಳುತ್ತಿತ್ತು.

"ಹೋದ ತಿಂಗಳು ಜ್ವರ ಬಂದು ಸಾಯೋದ್ರಲ್ಲಿತ್ತು, ಹೆಂಗೋ ಉಳೀತು. ಈಗ ಇದು ಶುರುವಾಗೈತೆ. ತಿಪಟೂರಿಂದ ದನದ ಡಾಕ್ಟ್ರನ್ನ ಕರೆಸಾನ ಅಂತಿದ್ದೆ" ಅಂದರು ಮನೆಯ ಅಜ್ಜಿ.

ಮೂರನೇ ಕ್ಲಾಸಿಗೇ ಇಸ್ಕೂಲು ಬಿಟ್ಟವನು ನಾನು. ಆದರೂ ಹತ್ತೂರ ನೀರು ಕುಡಿದ ಗರ್ವ ಇತ್ತು. "ಡಾಕ್ಟ್ರು ಯಾಕಜ್ಜಿ? ಬರೀ ಕಜ್ಜಿ ಇದು" ಅಂದವನೇ, ತೆಂಗಿನ ಚಿಪ್ಪು ಸುಟ್ಟು, ಕಜ್ಜಿಗೆ ಹಚ್ಚೋ ಉರಿಯುವ ಕರಿ ಎಣ್ಣೆ ಇಳಿಸಿ, ಕೆಂಚನನ್ನು ಕಾಲಸಂದಿಯಲ್ಲಿ ಅದುಮಿಕೊಂಡು ಮೂರು ದಿನ ಹಚ್ಚಿದೆ. ಅದು ಕಿರುಚಿತು, ಆದರೆ ಕಚ್ಚಲಿಲ್ಲ. ನಾಲ್ಕನೇ ದಿನ ಮುದ್ದೆ ಇಟ್ಟರೂ ಏಳಲಿಲ್ಲ.

ಅಜ್ಜಿ ಹೇಳಿಕಳಿಸಿ ಡಾಕ್ಟ್ರು ಬಂದರು. "ಕಜ್ಜಿಯಲ್ಲ ಕಣ್ರೀ. ಆ ಜ್ವರ ವೈರಸ್ಸಿಂದ ಬಂದಿರಬೇಕು. ಅದನ್ನ ಓಡಿಸೋಕೆ ಎದ್ದ ಮೈಯ ಕಾವಲು ಈಗ ತನ್ನ ಚರ್ಮಾನೇ ತಿಂತಿದೆ. ಅದರ ಮೇಲೆ ಎಣ್ಣೆ ಹಚ್ಚಿ ಮೂಗು ಸುಟ್ಟ ಪುಣ್ಯಾತ್ಮ ಯಾರು?"

ನಾನು ಸುಲಿದ ಕಾಯಿಯ ಮಟ್ಟೆ ಒಟ್ಟುವವನಂತೆ ಬಗ್ಗಿಕೊಂಡೆ. ಅಜ್ಜಿ ಬೈಯಲಿಲ್ಲ. "ಊರೂರು ತಿರುಗಿದೋನು, ತಿಳಿದಿರ್ತೈತೆ ಅನ್ಕಂಡೆ ಕಣಪ್ಪ" ಅಂದರಷ್ಟೆ.

ಡಾಕ್ಟ್ರ ಗುಳಿಗೆಯಿಂದ ಕೆಂಚ ಬದುಕಿತು. ಮುಂದಿನ ಸಲ ನಾನು ಹೋದಾಗ, ಯಾರನ್ನೂ ಒಳಗೆ ಬಿಡದ ಆ ನಾಯಿ ನನ್ನನ್ನು ಕಂಡದ್ದೇ ಅಟ್ಟದಡಿ ನುಗ್ಗಿ, ಮೂತಿಯನ್ನು ಮುಂಗಾಲಲ್ಲಿ ಮುಚ್ಚಿಕೊಂಡಿತು. ಇನ್ನು ಆ ಅಟ್ಟದ ಕೊಬ್ಬರಿ ಕದಿಯೋಕೆ ಕಳ್ಳರು ಏನೂ ಕಷ್ಟಪಡಬೇಕಿಲ್ಲ, ನನ್ನನ್ನು ಜೊತೆಗೆ ಕರಕೊಂಡು ಬಂದರೆ ಸಾಕು.