ಏಣಿಯ ಮೇಲಿನ ತುದಿ

ಹುಣಸೂರು ಬಸ್ ನಿಲ್ದಾಣದ ಎದುರು ಸಾಬರೊಬ್ಬರು ಕಾಡಂಚಿನ ಹಾಡಿಯ ಜನರ ಕೈಕೆಲಸಗಳನ್ನು ಮಾರುವ ಅಂಗಡಿ ಇಟ್ಟಿದ್ದಾರೆ. ಬಿದಿರ ಬುಟ್ಟಿ, ಸೋರೆಬುರುಡೆಗಳ ನಡುವೆ ಬಂಡೆಯ ಮೇಲಿಂದ ಇಳಿಬಿಟ್ಟು ಜೇನು ಕೀಳುವವರ ಬಳ್ಳಿಯೇಣಿಯೊಂದು ತೂಗುತ್ತಿತ್ತು. ಮೈಸೂರಿನ ನಮ್ಮ ಮನೆಯ ಪಡಸಾಲೆಗೆ ಒಪ್ಪುತ್ತದೆಂದು ಕೈ ಹಾಕಿದೆ. ಅದನ್ನು ಹೆಣೆದ ಜೇನುಕುರುಬರ ಮುದುಕ ಅಲ್ಲೇ ಕೂತಿದ್ದವನು ಎದ್ದು ಬಂದು ಏಣಿಯನ್ನು ಬಿಗಿಯಾಗಿ ಹಿಡಿದುಕೊಂಡ.

"ನಿಮ್ಮೆಂಡ್ರಿಗೆ ತಮ್ಮ ಅಂತ ಒಬ್ಬ ಅವ್ನಾ, ಸ್ವಾಮಿ?"

"ಗೋಡೆಗೆ ತೂಗುಹಾಕೋಕೆ ಕಣಯ್ಯಾ" ಎಂದೆ, ಸಿಡುಕಿನಿಂದ.

"ಎಲ್ಲಾದ್ರೂ ಕಟ್ಕಳಿ. ಬಂಡೆ ಮ್ಯಾಲೆ ಇದ್ರ ತುದಿ ಇಡಿಯೋನು ಎಂಡ್ತಿ ತಮ್ಮನೇಯ. ಅಕ್ಕ ಒಂಟಿಯಾಗ್ಬಾರ್ದು ಅಂತ ಅವ್ನೊಬ್ಬ ಕೈ ಬುಡಾಕಿಲ್ಲ. ತಮ್ಮ ಇಲ್ದೋರ್ಗೆ ನಾನು ಕೊಡಾಕಿಲ್ಲ."

"ಗಿರಾಕಿ ಕಣೋ, ಕೊಟ್ಬುಡು" ಎಂದು ಸಾಬರು ಗದರಿದರೂ ಅವನ ಹಿಡಿತ ಸಡಿಲವಾಗಲಿಲ್ಲ.

ನನ್ನ ಭಾವಮೈದ ಇರುವುದು ಕೆ.ಆರ್. ನಗರದಲ್ಲಿ. ನಾಲ್ಕು ವರ್ಷದ ಹಿಂದೆ ಊಟದ ಪಂಕ್ತಿಯಲ್ಲಿ ನಾನಾಡಿದ ಮಾತಿಗೆ ಎಲೆ ಬಿಟ್ಟು ಎದ್ದವನು ಮತ್ತೆ ನಮ್ಮ ಹೊಸಿಲು ತುಳಿದಿಲ್ಲ.

"ಇದ್ದಾನೆ" ಎಂದಳು ಪಕ್ಕದಲ್ಲಿದ್ದ ನನ್ನ ಹೆಂಡತಿ, ನನ್ನತ್ತ ನೋಡದೆ.

ಮುದುಕ ಏಣಿಯನ್ನು ಸುತ್ತಿ, ಮೇಲಿನ ತುದಿಯನ್ನು ಅವಳ ಕೈಗಿಟ್ಟ.

ಮೈಸೂರಿನ ಬಸ್ಸಿನಲ್ಲಿ ಸೀಟು ಹಿಡಿದು ತಿರುಗಿ ನೋಡಿದರೆ, ಅವಳು ಏಣಿಯನ್ನು ತಬ್ಬಿಕೊಂಡು ಕೆ.ಆರ್. ನಗರದ ಬಸ್ಸು ಹತ್ತುತ್ತಿದ್ದಳು.